ರಾಕಿ ಮಾರ್ಸಿಯಾನೊ ಮತ್ತೆ ರಿಂಗಿಗಿಳಿದಿದ್ದರೆ?

ಪ್ರಶ್ನೆ: ಆಡಿದ 49 ವೃತ್ತಿಪರ ಪಂದ್ಯಗಳನ್ನೂ ಗೆದ್ದು ನಿವೃತ್ತನಾದ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ರಾಕಿ ಮಾರ್ಸಿಯಾನೊ ವಾಪಸ್ ಬಂದಿದ್ದರೆ ಗೆಲ್ಲುತ್ತಿದ್ದನಾ?

ಉತ್ತರ: ಇದು ಸುಮ್ನೆ ಹುಟ್ಟಿದ ಪ್ರಶ್ನೆ ಅಲ್ಲ. ಅವನು ನಿಜಕ್ಕೂ ಬರುವ ಯೋಚನೆ ಮಾಡಿದ್ದ. 1956ರ ಏಪ್ರಿಲ್‌ನಲ್ಲಿ, 32ನೇ ವಯಸ್ಸಿಗೇ ಗ್ಲೌಸ್ ಕಳಚಿಟ್ಟಿದ್ದ. 1959ರ ಜೂನ್‌ನಲ್ಲಿ ಸ್ವೀಡನ್ನಿನ ಇಂಗೆಮಾರ್ ಯೋಹಾನ್ಸನ್, ಆಗಿನ ಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್‌ನನ್ನು ಒಂದೇ ಸುತ್ತಿನಲ್ಲಿ ಏಳು ಸಲ ಕೆಡವಿ ಪಟ್ಟ ಗೆದ್ದ. ಅದಾದ ಮೇಲೆ ಮಾರ್ಸಿಯಾನೊ ಸುಮಾರು ಒಂದು ತಿಂಗಳು ತಾಲೀಮು ಮಾಡಿದ. ಆಮೇಲೆ ಕೈಬಿಟ್ಟ.

ನನ್ನ ಪ್ರಕಾರ ಸರಿಯಾದದ್ದನ್ನೇ ಮಾಡಿದ. ಅವನ ಆಟ ನೋಡಿದರೆ ಕಾರಣ ತಿಳಿಯುತ್ತದೆ. ಹೆವಿವೇಟ್ ಲೆಕ್ಕಕ್ಕೆ ಅವನು ಕುಳ್ಳ, ತೂಕ ಬರೀ 85 ಕಿಲೋ ಆಸುಪಾಸು, ಕೈಯೂ ಗಿಡ್ಡ. ದೂರ ನಿಂತು ಹೊಡೆಯೋಕೆ ಆಗುತ್ತಲೇ ಇರಲಿಲ್ಲ. ಬಗ್ಗಿ, ಏಟು ತಿನ್ನುತ್ತಲೇ ಒಳಗೆ ನುಗ್ಗಬೇಕು. ತೋಳು, ಪಕ್ಕೆ, ಸಿಕ್ಕಿದ ಕಡೆ ಬಾರಿಸುತ್ತಲೇ ಇರಬೇಕು. 1954ರಲ್ಲಿ ಮಾಜಿ ಚಾಂಪಿಯನ್ ಎಜರ್ಡ್ ಚಾರ್ಲ್ಸ್ ಜೊತೆಗಿನ ಎರಡನೇ ಪಂದ್ಯದಲ್ಲಿ ಅವನ ಮೂಗಿನ ತುದಿ ಸೀಳಿಹೋಯಿತು. ರಕ್ತ ನಿಲ್ಲಲೇ ಇಲ್ಲ. ರೆಫರಿ ಪಂದ್ಯ ನಿಲ್ಲಿಸಿದರೆ ಪಟ್ಟವೇ ಹೋಗುತ್ತಿತ್ತು. ಎಂಟನೇ ಸುತ್ತಿನಲ್ಲಿ ಚಾರ್ಲ್ಸ್‌ನನ್ನು ಕೆಡವಿಯೇ ಬಿಟ್ಟ!

ಇಂಥ ಆಟಕ್ಕೆ ದಮ್ಮೇ ಬಂಡವಾಳ. ವರ್ಷಗಟ್ಟಲೆ ಓಡಿ ಓಡಿ ಗಳಿಸಿದ ದಮ್ಮು ಅದು. ಮುಷ್ಟಿಯ ಬಲ ವಯಸ್ಸಾದರೂ ಉಳಿಯುತ್ತದೆ, ದಮ್ಮು ಉಳಿಯಲ್ಲ. ಅವನಿಗೆ ಬೆನ್ನು ನೋವು ಬೇರೆ ಇತ್ತು, ಮೈಯೂ ಬಂದಿತ್ತು.

ಮಾಜಿ ಚಾಂಪಿಯನ್ ಜಾರ್ಜ್ ಫೋರ್‌ಮನ್ ವಾಪಸ್ ಬಂದು 45ನೇ ವಯಸ್ಸಿನಲ್ಲಿ ಪಟ್ಟ ಗೆಲ್ಲಲಿಲ್ವಾ ಅಂತ ಕೇಳಬಹುದು. ಗೆದ್ದ, 1994ರಲ್ಲಿ, ಮೈಕಲ್ ಮೂರರ್ ಎದುರು, ಹತ್ತನೇ ಸುತ್ತಿನಲ್ಲಿ. ಆದರೆ ಅವನು 113 ಕಿಲೋ ಆಳು. ನಿಂತಲ್ಲೇ ನಿಂತು ಒಂದು ಬಲಗೈ ಏಟಿಗೆ ಕಾಯಬಲ್ಲವನು. ಅದಕ್ಕೂ 1987ರಿಂದ ಏಳು ವರ್ಷ ಬೆವರು ಹರಿಸಬೇಕಾಯಿತು. ಮಾರ್ಸಿಯಾನೊಗೆ ಕಾಯುವ ಆಟ ಗೊತ್ತೇ ಇರಲಿಲ್ಲ.

ಯೋಹಾನ್ಸನ್ ಜೊತೆ ಒಂದು ಪಂದ್ಯ? ಮೊದಲ ನಾಲ್ಕೈದು ಸುತ್ತಿನಲ್ಲಿ ಏಟು ಸರಿಯಾಗಿ ಬಿದ್ದಿದ್ದರೆ ಗೆದ್ದಿರಬಹುದು. ಪಂದ್ಯ ಎಳೆದುಕೊಂಡು ಹೋಗಿದ್ದರೆ ನನಗೆ ನಂಬಿಕೆ ಇಲ್ಲ.

ವಾಪಸ್ ಬಂದವರ ಪಾಡು ಅವನಷ್ಟು ಹತ್ತಿರದಿಂದ ಕಂಡವರು ಕಡಿಮೆ. 1951ರ ಅಕ್ಟೋಬರ್, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ನಿವೃತ್ತಿ ಮುರಿದು ಬಂದಿದ್ದ ಮಾಜಿ ಚಾಂಪಿಯನ್ ಜೋ ಲೂಯಿಸ್‌ಗೆ ಆಗ 37, ಮಾರ್ಸಿಯಾನೊಗೆ 28. ಎಂಟನೇ ಸುತ್ತಿನಲ್ಲಿ ಬಿದ್ದ ಏಟಿಗೆ ಲೂಯಿಸ್ ಹಗ್ಗಗಳ ನಡುವಿಂದ ಹೊರಗೆ ಉರುಳಿದ. ಗೆದ್ದವನು ಆಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಅತ್ತುಬಿಟ್ಟ. ಲೂಯಿಸ್ ಅವನ ಪಾಲಿನ ಹೀರೋ. 1959ರಲ್ಲಿ ಯೋಹಾನ್ಸನ್‌ಗೆ 26, ಮಾರ್ಸಿಯಾನೊಗೆ 36 ತುಂಬುತ್ತಿತ್ತು.