ಪೊರಕೆ ಹಿಡಿದವರಿಗೆ ಯಜಮಾನ ಯಾರು?

2025ರ ಮೇ 1ರಂದು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಖಾಯಂ ನೇಮಕಾತಿ ಪತ್ರ ಸಿಕ್ಕಿತು. ಈ ಕೆಲಸದಲ್ಲಿರುವವರು ಹೆಚ್ಚಾಗಿ ಹೆಂಗಸರು, ಬಹುಪಾಲು ದಲಿತರು. ವರ್ಷಗಟ್ಟಲೆ ಅದೇ ರಸ್ತೆ ಗುಡಿಸಿದವರು. ಹಾಗಾದರೆ ಅಷ್ಟು ವರ್ಷ ಅವರು ಯಾರ ಕೆಲಸಗಾರರು?

ಹಿಂದೆ ಪಾಲಿಕೆಯೇ ನೇರವಾಗಿ ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ಹಾಕಿಸಿದರು. ಪೌರಕಾರ್ಮಿಕರ ಸ್ಥಿತಿಗತಿ ನೋಡಿದ ಸರ್ಕಾರಿ ಸಮಿತಿಯ 1976ರ ಐ.ಪಿ.ಡಿ. ಸಾಲಪ್ಪ ವರದಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತು. ಆಮೇಲೆ ಊರು ಬೆಳೆಯಿತು, ಖಾಯಂ ಹುದ್ದೆ ಬೆಳೆಯಲಿಲ್ಲ. ಕಸಕ್ಕೂ ಟೆಂಡರ್ ಕರೆಯುವ ಕಾಲ ಬಂತು.

ಗುತ್ತಿಗೆ ಅಂದರೆ ಏನು ಅಂತ ಅವರನ್ನೇ ಕೇಳಬೇಕು. ಸಂಬಳ ಯಾಕೆ ಬಂದಿಲ್ಲ ಅಂದರೆ ಪಾಲಿಕೆಯವರು ಗುತ್ತಿಗೆದಾರನ ಕಡೆ ಕೈ ತೋರಿಸುತ್ತಿದ್ದರು. ಅವನು ‘ಬಿಲ್ ಪಾಸಾಗಿಲ್ಲ’ ಅನ್ನುತ್ತಿದ್ದ. ಪಿಎಫ್ ಅಂತ ದುಡ್ಡು ಹಿಡಿಯುತ್ತಿದ್ದರು, ಕಟ್ಟಿದರೋ ಇಲ್ಲವೋ ದೇವರೇ ಬಲ್ಲ. ಜ್ವರ ಬಂದು ಮಲಗಿದರೆ ಆ ದಿನದ ಕೂಲಿ ಹೋಯಿತು. ಜಾಸ್ತಿ ಮಾತಾಡಿದರೆ ‘ನಾಳೆಯಿಂದ ಬರಬೇಡ’. ಬೆಳಗ್ಗೆ ಆರೂವರೆಗೆ ಹಾಜರಿ ಹಾಕಿ ರಸ್ತೆಗಿಳಿದ ಹೆಂಗಸಿಗೆ ಶೌಚಾಲಯ ಎಲ್ಲಿದೆ ಅನ್ನುವುದು ಯಾವ ಟೆಂಡರಿನ ತಲೆನೋವೂ ಆಗಿರಲಿಲ್ಲ.

ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2017ರಲ್ಲಿ ಗುಡಿಸುವವರ ಮಟ್ಟಿಗೆ ಗುತ್ತಿಗೆದಾರ ಹೊರಟ. ಪಾಲಿಕೆಯೇ ಬ್ಯಾಂಕ್ ಖಾತೆಗೆ ಸಂಬಳ ಹಾಕತೊಡಗಿತು. ಬೆರಳಚ್ಚಿನ ಹಾಜರಿ ಬಂತು. ಜೊತೆಗೆ 700 ಜನಕ್ಕೆ ಒಬ್ಬರು ಅನ್ನುವ ಲೆಕ್ಕವೂ ಬಂತು. ಸಾಲಪ್ಪ ಹೇಳಿದ್ದು 500, ಅಲ್ವಾ? ಲೆಕ್ಕಕ್ಕೆ ಹೊಂದದ ಎಷ್ಟೋ ಜನರ ಹೆಸರು ಪಟ್ಟಿಯಿಂದ ಬಿತ್ತು. 2018ರಲ್ಲಿ ಹಲವರಿಗೆ ತಿಂಗಳುಗಟ್ಟಲೆ ಸಂಬಳವೇ ಇರಲಿಲ್ಲ. ಆಗ ಬೈಯಲು ಗುತ್ತಿಗೆದಾರನೂ ಇರಲಿಲ್ಲ. ನೇರ ಪಾವತಿ ಅಂದರೂ ನೌಕರಿ ಖಾಯಂ ಆಗಿರಲಿಲ್ಲ.

2022ರ ಜುಲೈ 1ರಂದು ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟರು. ಬೆಂಗಳೂರಿನವರು ಫ್ರೀಡಂ ಪಾರ್ಕಿನಲ್ಲಿ ಕೂತರು. ನಾಲ್ಕನೇ ದಿನಕ್ಕೆ ಸರ್ಕಾರ ಮಣಿಯಿತು. ಅದೇ ವರ್ಷ ಮೊದಲ ಹಂತವಾಗಿ ರಾಜ್ಯದಲ್ಲಿ 11,133 ಹುದ್ದೆ ಖಾಯಂ ಮಾಡಲು ಸಂಪುಟ ಒಪ್ಪಿತು. ಪತ್ರ ಕೈಗೆ ಬರಲು ಮತ್ತೆ ಎರಡೂವರೆ ವರ್ಷ ಬೇಕಾಯಿತು.

ಅವತ್ತು ಮುಷ್ಕರಕ್ಕೆ ಆಟೋ ಟಿಪ್ಪರ್ ಡ್ರೈವರ್‌ಗಳು, ಕಸ ತುಂಬುವ ಲೋಡರ್‌ಗಳ ಬೇಡಿಕೆಯೂ ಸೇರಿತ್ತು. ಮೇ 1ರ ಪಟ್ಟಿಯಲ್ಲಿ ಅವರಿಲ್ಲ. ಖಾಯಂ ಪತ್ರ ಸಿಕ್ಕ ಹೆಂಗಸು ಗುಡಿಸಿ ರಸ್ತೆ ಬದಿ ಗುಡ್ಡೆ ಹಾಕಿದ ಕಸವನ್ನು ಎತ್ತಲು ಮರುದಿನ ಬಂದವರು ಗುತ್ತಿಗೆಯವರೇ.