ಮೊಬೈಲಿನಲ್ಲಿ ಬರೆದ ಕಾದಂಬರಿಯನ್ನು ‘ನುಡಿ’ಯಲ್ಲಿ ಮತ್ತೆ ಟೈಪ್ ಮಾಡಿಸಬೇಕೆ?

ಪ್ರಶ್ನೆ: ನಾನು ದಾವಣಗೆರೆಯವಳು. ಮೊದಲ ಕಾದಂಬರಿಯ ಅರ್ಧದಷ್ಟನ್ನು ಮೊಬೈಲಿನಲ್ಲಿಯೇ ಬರೆದಿದ್ದೇನೆ. ಮೊಬೈಲಿನ ಕನ್ನಡ ಅಚ್ಚಿಗೆ ಬರುವುದಿಲ್ಲ, ಎಲ್ಲವನ್ನೂ ನುಡಿಯಲ್ಲಿ ಮತ್ತೆ ಟೈಪ್ ಮಾಡಿಸಬೇಕು ಎನ್ನುತ್ತಾರೆ. ಯಾವುದರಲ್ಲಿ ಬರೆಯಲಿ, ಎಲ್ಲಿ ಇಟ್ಟುಕೊಳ್ಳಲಿ?

ಉತ್ತರ: ಮತ್ತೆ ಟೈಪ್ ಮಾಡಿಸಬೇಡಿ. ಇದೇ ಮಾತನ್ನು ದಾವಣಗೆರೆಯಲ್ಲಿಯೂ ಚಿತ್ರದುರ್ಗದಲ್ಲಿಯೂ ಎಷ್ಟು ಬರಹಗಾರರಿಗೆ ಹೇಳಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಆದರೂ ತಿಂಗಳು ಕಳೆಯುವುದರೊಳಗೆ ಅದೇ ಪ್ರಶ್ನೆ ತಿರುಗಿ ಬರುತ್ತದೆ.

‘ನುಡಿ’ ಎನ್ನುವಾಗ ನಾವು ಮೂರು ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆಯುತ್ತೇವೆ. ಒಂದು, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ. ಇನ್ನೊಂದು, ಕನ್ನಡ ಗಣಕ ಪರಿಷತ್ತಿನ ತಂತ್ರಾಂಶ. ಮೂರನೆಯದು, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ಬಳಕೆಗೆ ಬರುವ ಮೊದಲಿನ ಹಳೆಯ ಫಾಂಟುಗಳು. ಮೊದಲ ಎರಡರ ಬಗ್ಗೆ ನನ್ನ ತಕರಾರೇನೂ ಇಲ್ಲ. ಆ ಕೀಲಿಮಣೆಗೆ ಕೈ ಪಳಗಿದ್ದರೆ ಅದರಲ್ಲಿಯೇ ಯೂನಿಕೋಡ್ ಕನ್ನಡವನ್ನು ಧಾರಾಳವಾಗಿ ಬರೆಯಬಹುದು. ತೊಡಕಿರುವುದು ಮೂರನೆಯದರಲ್ಲಿ. ಆ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಕಡತದೊಳಗೆ ಕುಳಿತಿರುವುದು ಕನ್ನಡವಲ್ಲ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ: ‘ಕ’ದ ಜಾಗದಲ್ಲಿ ಇಂಗ್ಲಿಷಿನ ‘ಪಿ’ ಅಕ್ಷರವೂ ತಲೆಯ ಮೇಲೊಂದು ಗೀಟಿರುವ ‘ಎ’ ಅಕ್ಷರವೂ, ‘ನ’ದ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆಯೂ ಇರುತ್ತವೆ. ಅವುಗಳಿಗೆ ಕನ್ನಡದ ವೇಷ ತೊಡಿಸುವುದು ಫಾಂಟು. ಫಾಂಟಿಲ್ಲದ ಗಣಕಯಂತ್ರದಲ್ಲಿ ಕಡತ ತೆರೆದರೆ ವೇಷ ಕಳಚುತ್ತದೆ. ನನ್ನವೇ ಏಳು ಕಥೆಗಳು ಹಳೆಯ ಸಿ.ಡಿ.ಯಿಂದ ಹೀಗೆ ಪೌಂಡು, ಗೀಟುಗಳ ರಾಶಿಯಾಗಿ ಹೊರಬಂದಾಗ, ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೂ ಯೂನಿಕೋಡನ್ನು ಹಳೆಯದಕ್ಕೂ ಬದಲಿಸುವ ಪರಿವರ್ತಕ ತಂತ್ರಾಂಶದ ವಿಷಯ ತಿಳಿಯದ ನಾನು ಅವು ಹಾಳಾದವೆಂದೇ ನಂಬಿದ್ದೆ.

ಯೂನಿಕೋಡಿನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನಗಳಿವೆ. ಅಲ್ಲಿ ‘ಕ’ ಎಂದರೆ ‘ಕ’ವೇ. ನಿಮ್ಮ ಮೊಬೈಲು ಬರೆಯುವುದು ಇದನ್ನೇ. ನಾನ್ನೂರು ಪುಟಗಳ ನಡುವೆ ಒಂದು ಪಾತ್ರದ ಹೆಸರನ್ನು ಹುಡುಕಿ ಬದಲಿಸುವುದು, ಯಾವ ಫೋನಿನಲ್ಲಾದರೂ ತೆರೆದು ಓದುವುದು ಸಾಧ್ಯವಾಗುವುದು ಈ ಕಾರಣದಿಂದ.

ಹಾಗಾದರೆ ‘ಅಚ್ಚಿಗೆ ಬರುವುದಿಲ್ಲ’ ಎಂಬ ಮಾತು ಹುಟ್ಟಿದ್ದೆಲ್ಲಿ? ಅದು ಒಂದು ಕಾಲಕ್ಕೆ ನಿಜವೇ ಆಗಿತ್ತು. ಪುಟ ಕಟ್ಟಲು ಎಲ್ಲೆಡೆ ಬಳಸುತ್ತಿದ್ದ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಇಂದಿನ ಇನ್‌ಡಿಸೈನ್‌ಗೆ ಗೊತ್ತಿದೆ. ನಿಮ್ಮ ಮುದ್ರಕರು ಇನ್ನೂ ಹಳೆಯದನ್ನೇ ನೆಚ್ಚಿದ್ದರೆ, ಅವರ ಅನುಕೂಲಕ್ಕಾಗಿ ಒಂದು ಪ್ರತಿಯನ್ನು ಪರಿವರ್ತಕದಿಂದ ಹಳೆಯ ಸಂಕೇತಕ್ಕೆ ಬದಲಿಸಿ ಕೊಡಿ. ಮೂಲಪ್ರತಿ ಯೂನಿಕೋಡಿನಲ್ಲಿಯೇ ನಿಮ್ಮ ಬಳಿ ಇರಲಿ. ಪರಿವರ್ತಿಸಿದ ಮೇಲೆ ಅರ್ಕಾವತ್ತುಗಳ ಮೇಲೆ ಕಣ್ಣಿಡಿ. ‘ದುರ್ಗ’ ಎನ್ನುವಾಗ ಯೂನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ ‘ರ್’ ಅನ್ನು ಮೊದಲು, ‘ಗ’ವನ್ನು ಅನಂತರ ಇಡುತ್ತದೆ, ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ ‘ಗ’ದ ಬಳಿಕ ಅರ್ಕಾವತ್ತನ್ನು ಇಡುತ್ತದೆ. ಕ್ರಮ ತಿರುಗಿಸುವಲ್ಲಿ ಪರಿವರ್ತಕ ಎಡವಿದರೆ ನಮ್ಮ ದುರ್ಗವೇ ಮುರಿದು ಬೀಳುತ್ತದೆ.

ಬರೆಯುವ ಸಾಧನದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಗೂಗಲ್ ಡಾಕ್ಸ್ ಸಾಕು; ಗಣಕಯಂತ್ರವಿದ್ದರೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಇನ್ನೂ ಒಳ್ಳೆಯದು. ಅಧ್ಯಾಯಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಕಳುಹಿಸಿಕೊಂಡು ‘ಸೇವ್ ಆಗಿದೆ’ ಎನ್ನುವವರಿದ್ದಾರೆ. ದಯವಿಟ್ಟು ಅದೊಂದನ್ನು ಮಾಡಬೇಡಿ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಚಿತ್ರಗಳಿಲ್ಲದ ಕಾದಂಬರಿಗೆ ಬೇಕಾದದ್ದು ಹೆಚ್ಚೆಂದರೆ ಕೆಲವು ಎಂಬಿ. ಜಾಗ ತುಂಬಿತೆಂದರೆ ಆ ತಪ್ಪು ಕಾದಂಬರಿಯದಲ್ಲ, ಮದುವೆಯ ವಿಡಿಯೊಗಳದು. ಆದರೆ ಅಲ್ಲಿ ಅಳಿಸಿದ ಕಡತ ಕಸದಬುಟ್ಟಿಯಲ್ಲಿ ಉಳಿಯುವುದು 30 ದಿನ ಮಾತ್ರ. ಆದ್ದರಿಂದ ತಿಂಗಳಿಗೊಮ್ಮೆ ಪೂರ್ಣಪ್ರತಿಯನ್ನು ದಿನಾಂಕದ ಹೆಸರಿಟ್ಟು ಪೆನ್‌ಡ್ರೈವಿಗೆ ಹಾಕಿ, ಆ ಪೆನ್‌ಡ್ರೈವನ್ನು ಗಣಕಯಂತ್ರದ ಮೇಜಿನಲ್ಲಲ್ಲದೆ ತವರಿನಲ್ಲೋ ಗೆಳತಿಯ ಮನೆಯಲ್ಲೋ ಇಡಿ.

ನೀವು ಕೇಳದ ಪ್ರಶ್ನೆಯೊಂದಿದೆ: ಪಾಸ್‌ವರ್ಡ್ ಇನ್ನಾರಿಗೆ ಗೊತ್ತು? ಲೇಖಕರು ತೀರಿಕೊಂಡ ನಂತರವೂ ಕೃತಿಯ ಹಕ್ಕು 60 ವರ್ಷ ವಾರಸುದಾರರಿಗೆ ಇರುತ್ತದೆ. ಆದರೆ ಎರಡು ವರ್ಷ ಬಳಸದೆ ಬಿಟ್ಟ ಗೂಗಲ್ ಖಾತೆಯನ್ನು ಅಳಿಸಿಹಾಕಲು ಆ ಸಂಸ್ಥೆಯ ನಿಯಮದಲ್ಲಿಯೇ ಅವಕಾಶವಿದೆ. ಹಕ್ಕು ಮನೆಯವರ ಕೈಯಲ್ಲಿದ್ದು ಹಸ್ತಪ್ರತಿಯೇ ಇಲ್ಲದ ಸ್ಥಿತಿ ಬರಬಾರದೆಂದಿದ್ದರೆ, ಖಾತೆಯ ಸೆಟ್ಟಿಂಗ್ಸ್‌ನಲ್ಲಿ ನಿಷ್ಕ್ರಿಯ ಖಾತೆಯ ನಿರ್ವಹಣೆ ಎಂಬ ಆಯ್ಕೆಯನ್ನು ಹುಡುಕಿ. ಖಾತೆ ಎಷ್ಟು ತಿಂಗಳು ಸುಮ್ಮನಿದ್ದರೆ ಯಾರಿಗೆ ತಿಳಿಸಬೇಕು, ಏನನ್ನು ಒಪ್ಪಿಸಬೇಕು ಎಂಬುದನ್ನು ಅಲ್ಲಿ ಮೊದಲೇ ಬರೆದಿಡಬಹುದು. ನಾನು ನನ್ನ ತಂಗಿಯ ಹೆಸರು ಕೊಟ್ಟಿದ್ದೇನೆ. ಅವಳು ನನ್ನ ಕಥೆಗಳನ್ನು ಇದುವರೆಗೆ ಓದಿಲ್ಲ.