ಓದುಗರ ಪ್ರಶ್ನೆ: ಡಿಫೆನ್ಸ್ ಕೋಚ್ ಆಗೋಕೆ ಎನ್‌ಎಫ್‌ಎಲ್ ಆಡಿರಲೇಬೇಕಾ?

ಆಗಸ್ಟ್ ಕೊನೆ ಬಂತೆಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಅಮೆರಿಕಕ್ಕೆ ಎಂಎಸ್ ಮಾಡಲು ಹೋದ ನಮ್ಮ ಹುಡುಗರು ಕೇಳುತ್ತಾರೆ, ಮಕ್ಕಳ ಜೊತೆ ಮೊದಲ ಸಲ ಅಲ್ಲಿನ (ಚೆಂಡು ಹಿಡಿದು ಓಡುವ) ಕಾಲೇಜು ಫುಟ್‌ಬಾಲ್ ನೋಡಿ ಬಂದ ಅಪ್ಪಂದಿರೂ ಕೇಳುತ್ತಾರೆ: "ಸರ್, ಬರೀ ಡಿಫೆನ್ಸ್ ನೋಡಿಕೊಳ್ಳೋ ಕೋಚ್‌ಗೇ ಅಷ್ಟು ಸಂಬಳ ಅಂದ್ರೆ, ಅವನು ಹಿಂದೆ ದೊಡ್ಡ ಪ್ಲೇಯರ್ ಆಗಿದ್ದಿರಬೇಕು ಅಲ್ವಾ?"

ಅಲ್ಲ. ಸಂಬಳದ ಮಾತು ಮಾತ್ರ ನಿಜ: ಕ್ಲೆಮ್ಸನ್ ಕಾಲೇಜಿನ ಡಿಫೆನ್ಸಿವ್ ಕೋಆರ್ಡಿನೇಟರ್ (ಎದುರಾಳಿಯನ್ನು ತಡೆಯುವ ಪಡೆಯ ಕೋಚ್) ಆಗಿದ್ದ ಬ್ರೆಂಟ್ ವೆನೆಬಲ್ಸ್‌ಗೆ 2021ರಲ್ಲಿ ವರ್ಷಕ್ಕೆ ಸುಮಾರು 25 ಲಕ್ಷ ಡಾಲರ್. ಆದರೆ ವೆನೆಬಲ್ಸ್ ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಂದು ಆಟವನ್ನೂ ಆಡಿದವರಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದ ಹೆಡ್ ಕೋಚ್ ಕರ್ಬಿ ಸ್ಮಾರ್ಟ್ ಅವರನ್ನು ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಕೋಲ್ಟ್ಸ್ ತಂಡ ಕರೆದು, ಸೀಸನ್ ಶುರುವಾಗುವ ಮೊದಲೇ ವಾಪಸ್ ಕಳಿಸಿತು. ಕೋಚ್ ಆಗಿ ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದ ನಿಕ್ ಸೇಬನ್ ಕೆಂಟ್ ಸ್ಟೇಟ್‌ನಲ್ಲಿ ಡಿಫೆನ್ಸಿವ್ ಬ್ಯಾಕ್ ಆಡಿದ್ದೇ ಕೊನೆ. ಹೆಂಡತಿ ಟೆರ್ರಿಯ ಡಿಗ್ರಿ ಮುಗಿಯಲು ಇನ್ನೂ ಒಂದು ವರ್ಷ ಇತ್ತು, ಸುಮ್ಮನೆ ಕೂರುವ ಬದಲು 1973ರಲ್ಲಿ ಅಲ್ಲೇ ಗ್ರಾಜುಯೇಟ್ ಅಸಿಸ್ಟೆಂಟ್ (ಓದುತ್ತಲೇ ಕೋಚ್‌ಗಳಿಗೆ ನೆರವಾಗುವ ಕಿರಿಯ ಸಹಾಯಕ) ಆದರು.

ಇಷ್ಟು ಹೇಳಿದರೂ "ಕಾಲೇಜಿನಲ್ಲಾದರೂ ಆಡಿದ್ರಲ್ಲ ಸರ್" ಅನ್ನುವವರು ಇದ್ದೇ ಇರುತ್ತಾರೆ. ಅವರಿಗಾಗಿಯೇ ಕೋಚ್ ಮ್ಯಾನಿ ಡಯಾಜ್ ಅವರನ್ನು ಇಟ್ಟುಕೊಂಡಿದ್ದೇನೆ.

ಡಯಾಜ್ ಕಾಲೇಜು ಫುಟ್‌ಬಾಲೇ ಆಡಿಲ್ಲ. ಫ್ಲೋರಿಡಾ ಸ್ಟೇಟ್‌ನಲ್ಲಿ ಓದುವಾಗ ಅವರ ಒಲವು ಪತ್ರಿಕೋದ್ಯಮದ ಕಡೆಗೆ. ಆಮೇಲೆ ಇಎಸ್‌ಪಿಎನ್‌ನಲ್ಲಿ ಪ್ರೊಡಕ್ಷನ್ ಅಸಿಸ್ಟೆಂಟ್. ಆ ಕೆಲಸ ಬಿಟ್ಟು, ಓದಿದ ಕಾಲೇಜಿಗೇ ಮರಳಿ ಮೆಟ್ಟಿಲ ಕೆಳಗಿನಿಂದ ಶುರು ಮಾಡಿದರು. ಈ ಕೆಳಗಿನ ಮೆಟ್ಟಿಲು ಹೇಗಿರುತ್ತದೆ ಅಂದರೆ, ಮುಂದಿನ ಶನಿವಾರದ ಎದುರಾಳಿಯ ವಿಡಿಯೊ ನೋಡಿ, ಅವರ ಒಂದೊಂದು ನಡೆಯನ್ನೂ ರಟ್ಟಿನ ಮೇಲೆ ಬಿಡಿಸಬೇಕು. ಹನ್ನೊಂದು ಜನ ಎಲ್ಲಿ ನಿಲ್ಲುತ್ತಾರೆ, ಯಾರು ಎತ್ತ ಓಡುತ್ತಾರೆ ಎಲ್ಲವೂ ಅದರಲ್ಲಿ. ಅಭ್ಯಾಸದ ಹೊತ್ತಿಗೆ ಬೆಂಚಿನ ಹುಡುಗರ ಮುಂದೆ ಆ ರಟ್ಟನ್ನು ಎತ್ತಿ ಹಿಡಿಯಬೇಕು. ಅವರು ಅದರಂತೆ ಓಡುತ್ತಾರೆ, ನಿಮ್ಮ ಡಿಫೆನ್ಸ್ ಅದನ್ನು ತಡೆಯಲು ಕಲಿಯುತ್ತದೆ. ಸಂಬಳ ಹೆಸರಿಗಷ್ಟೇ. ಆದರೆ ಇಂಥ ರಟ್ಟು ಸಾವಿರಾರು ಬಿಡಿಸಿದವನಿಗೆ ಆಟ ಶುರುವಾಗುವ ಮೊದಲೇ ಅದರ ಜಾಡು ಗೊತ್ತಾಗುತ್ತದೆ. ಸ್ಟಾರ್ ಆಟಗಾರನಿಗೆ ಗೊತ್ತಿರುವುದು ತನ್ನ ಜಾಗ. ಇವನಿಗೆ ಹನ್ನೊಂದು ಜಾಗವೂ ಗೊತ್ತು, ಎದುರಿನ ಹನ್ನೊಂದೂ ಗೊತ್ತು. ಕಾಲೇಜುಗಳು ದುಡ್ಡು ಕೊಡುವುದು ಇದಕ್ಕೆ.

ಈ ಭ್ರಮೆ ನಮಗೆ ಬಂದಿದ್ದು ಕ್ರಿಕೆಟ್‌ನಿಂದ. ಕುಂಬ್ಳೆ ಕೋಚ್ ಆದರು, ದ್ರಾವಿಡ್ ಆದರು. ಹಾಗಾಗಿ ಎಲ್ಲ ಕಡೆಯೂ ಹೀಗೇ ಅಂದುಕೊಂಡೆವು. ಆದರೆ 2015ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡನ್ನು ಫೈನಲ್‌ಗೆ ಕರೆದೊಯ್ದ ಮೈಕ್ ಹೆಸನ್ ಒಂದೂ ಪ್ರಥಮ ದರ್ಜೆ ಪಂದ್ಯ ಆಡಿದವರಲ್ಲ. ಮುಂದೆ ನಮ್ಮ ಆರ್‌ಸಿಬಿಯಲ್ಲೇ ವರ್ಷಗಟ್ಟಲೆ ಇದ್ದರು. "ಎಷ್ಟು ರನ್ ಹೊಡೆದಿದ್ದಾನೆ ಇವನು" ಅಂತ ಆಗ ಯಾರೂ ನನ್ನನ್ನು ಕೇಳಲಿಲ್ಲವಪ್ಪ.

ಡಿಯಾನ್ ಸ್ಯಾಂಡರ್ಸ್ ಹೆಸರು ಎತ್ತಬೇಡಿ. ಮಹಾನ್ ಆಟಗಾರ, ಕೊಲರಾಡೊದ ಹೆಡ್ ಕೋಚ್, ಒಪ್ಪಿದೆ. ಅಲ್ಲಿ ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿ ದುಡಿಯುವವರು ಬೇರೆಯವರು.

ಡಯಾಜ್ ವಿಷಯಕ್ಕೆ ಬರೋಣ. ನಾರ್ತ್ ಕ್ಯಾರೊಲೈನಾ ಸ್ಟೇಟ್, ಮಿಡ್ಲ್ ಟೆನೆಸಿ, ಮಿಸಿಸಿಪ್ಪಿ ಸ್ಟೇಟ್ ಕಾಲೇಜುಗಳನ್ನು ದಾಟಿ 2011ರಲ್ಲಿ ಟೆಕ್ಸಸ್‌ಗೆ ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿ ಬಂದರು. ಇಲ್ಲಿ ಈ ವೃತ್ತಿಯ ಇನ್ನೊಂದು ಮುಖ ನೋಡಿ. 2013ರ ಸೆಪ್ಟೆಂಬರ್ 7ರಂದು ಬ್ರಿಗಮ್ ಯಂಗ್ ತಂಡ ಅವರ ಡಿಫೆನ್ಸ್ ಮೇಲೆ ಬರೀ ಚೆಂಡು ಹಿಡಿದು ಓಡಿಯೇ 550 ಯಾರ್ಡ್ ಮುಂದೆ ಸಾಗಿತು. ಮಾರನೇ ದಿನ ಡಯಾಜ್ ಕೆಲಸ ಹೋಯಿತು. ಸೀಸನ್‌ನ ಎರಡನೇ ಪಂದ್ಯ ಅಷ್ಟೇ ಅದು! ಹೆಡ್ ಕೋಚ್‌ ಕುರ್ಚಿ ಅಲುಗಾಡಿದಾಗ ಮೊದಲ ಹರಕೆಯ ಕುರಿ ಕೋಆರ್ಡಿನೇಟರ್. ಹೆಡ್ ಕೋಚೇ ಹೋದರೆ ಉಳಿದ ಸಹಾಯಕರೂ ಸಾಮಾನ್ಯವಾಗಿ ಗಂಟುಮೂಟೆ ಕಟ್ಟಬೇಕು, ಮಕ್ಕಳ ಶಾಲೆ ಬದಲಿಸಬೇಕು.

ಮುಂದೆ ಲೂಸಿಯಾನಾ ಟೆಕ್, ಮತ್ತೆ ಮಿಸಿಸಿಪ್ಪಿ ಸ್ಟೇಟ್, ಆಮೇಲೆ ಮಯಾಮಿ. 2018ರ ಡಿಸೆಂಬರ್‌ನಲ್ಲಿ ಟೆಂಪಲ್ ವಿಶ್ವವಿದ್ಯಾಲಯಕ್ಕೆ ಹೆಡ್ ಕೋಚ್ ಆಗಿ ಸಹಿ ಹಾಕಿದರು. ಮೂರು ವಾರ ತುಂಬುವುದರೊಳಗೆ ಮಯಾಮಿಯ ಹೆಡ್ ಕೋಚ್ ಮಾರ್ಕ್ ರಿಕ್ಟ್ ನಿವೃತ್ತರಾದರು, ಟೆಂಪಲ್ ಋಣ ಅಲ್ಲಿಗೇ ತೀರಿತು. ಡಯಾಜ್ ಮಯಾಮಿಗೇ ಹೆಡ್ ಕೋಚ್. 2021ರಲ್ಲಿ ಅಲ್ಲಿಂದಲೂ ವಜಾ. ಮುಜುಗರ ಪಡದೆ ಒಂದು ಮೆಟ್ಟಿಲು ಇಳಿದು ಪೆನ್ ಸ್ಟೇಟ್‌ನಲ್ಲಿ ಮತ್ತೆ ಕೋಆರ್ಡಿನೇಟರ್ ಆದರು, ಎರಡು ಸೀಸನ್ ಡಿಫೆನ್ಸ್ ಕಟ್ಟಿ, 2023ರ ಕೊನೆಗೆ ಡ್ಯೂಕ್‌ಗೆ ಹೆಡ್ ಕೋಚ್ ಆಗಿ ಹೋದರು.

ಇದ್ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಪಂದ್ಯದ ನಡುವೆ ಈ ಕೋಚ್ ತನ್ನ ಹುಡುಗರಿಗೆ ಹೇಗೆ ಹೇಳುತ್ತಾನೆ? ತೀರಾ ಈಚಿನವರೆಗೂ ಕೈಸನ್ನೆ, ಬಣ್ಣದ ಫಲಕ. ಎದುರಾಳಿ ಆ ಸನ್ನೆ ಓದಿಬಿಡುತ್ತಾನೆಂದು ಇನ್ನಿಬ್ಬರು ಪಕ್ಕದಲ್ಲಿ ನಿಂತು ಸುಳ್ಳು ಸನ್ನೆ ಮಾಡುತ್ತಿದ್ದರು. ಕ್ಲೆಮ್ಸನ್‌ನಲ್ಲಿ ವೆನೆಬಲ್ಸ್ ಆವೇಶದಲ್ಲಿ ಮೈದಾನಕ್ಕೇ ನುಗ್ಗುತ್ತಿದ್ದರೆಂದು, ಬೆಲ್ಟ್ ಹಿಡಿದು ಹಿಂದಕ್ಕೆ ಎಳೆಯಲು ಒಬ್ಬ ಸಿಬ್ಬಂದಿಯೇ ಹಿಂದೆ ಇರುತ್ತಿದ್ದ. 2024ರಿಂದ ದೊಡ್ಡ ಕಾಲೇಜುಗಳಿಗೆ ಹೆಲ್ಮೆಟ್ ರೇಡಿಯೊ ಬಂದಿದೆ. ಮೈದಾನದಲ್ಲಿರುವ ಒಬ್ಬ ಆಟಗಾರನಿಗೆ ಮಾತ್ರ ಅದು. ಅವನ ಹೆಲ್ಮೆಟ್ ಹಿಂಬದಿ ಹಸಿರು ಚುಕ್ಕೆ ಇರುತ್ತದೆ, ನೋಡಿ. ಮುಂದಿನ ನಡೆ ಶುರು ಮಾಡಲು ಕೊಡುವ ಗಡುವಿನಲ್ಲಿ 15 ಸೆಕೆಂಡ್ ಉಳಿದಾಗ ರೇಡಿಯೊ ಬಂದ್. ಆಮೇಲೆ ಎದುರಿನವರು ಜಾಗ ಬದಲಿಸಿದರೆ ಆ ಹುಡುಗನೇ ಕೂಗಿ ಸರಿಪಡಿಸಬೇಕು. ಕೋಚ್ ಬದಿಯಿಂದ ಕಿರುಚಿದರೆ ಕೇಳಿಸುವುದಿಲ್ಲ, ಏಕೆಂದರೆ ಎದುರಾಳಿಯನ್ನು ಕಂಗೆಡಿಸಲು ಅದೇ ಹೊತ್ತಿಗೆ ಆ ಕೋಚ್‌ನ ಊರಿನದೇ ಒಂದು ಲಕ್ಷ ಜನ ಬೊಬ್ಬೆ ಹೊಡೆಯುತ್ತಿರುತ್ತಾರೆ.